ಮಾತಾಡುವಷ್ಟು ವೇಗ ಸಾಕು

ಮಳೆಗಾಲ ಹಿಂದೆ ಸರಿದು ಬೆಳಗಿನ ಚಳಿ ಶುರುವಾಗುವ ಹೊತ್ತಿಗೆ ನನಗೆ ಬರುವ ಪ್ರಶ್ನೆಗಳ ಧಾಟಿ ಬದಲಾಗುತ್ತದೆ. ಅಲ್ಲಿಯವರೆಗೆ ಮಕ್ಕಳಿಗೆ ಯಾವ ಸೈಕಲ್ ಕೊಡಿಸಲಿ ಎಂದು ಕೇಳುತ್ತಿದ್ದವರು ಈಗ ತಮಗಾಗಿ ಕೇಳತೊಡಗುತ್ತಾರೆ. ‘ಸರ್, ಜನವರಿಯಲ್ಲಿ ಇನ್ನೂರು ಕಿಲೋಮೀಟರ್ ಬ್ರೆವೆಗೆ ಹೆಸರು ಕೊಟ್ಟಿದ್ದೀನಿ. ದಿನಕ್ಕೆ ಎಷ್ಟು ಕಿಲೋಮೀಟರ್ ತುಳೀಬೇಕು? ಆವರೇಜ್ ಸ್ಪೀಡ್ ಎಷ್ಟಿರಬೇಕು?’ ಕೇಳುವವರಲ್ಲಿ ಬ್ಯಾಂಕಿನವರಿದ್ದಾರೆ, ಶಾಲೆಯ ಮೇಷ್ಟ್ರಿದ್ದಾರೆ, ಮಕ್ಕಳು ಕಾಲೇಜು ಸೇರಿದ ಮೇಲೆ ಬೆಳಗಿನ ಎರಡು ಗಂಟೆ ತಮ್ಮದಾಗಿಸಿಕೊಂಡ ತಾಯಂದಿರಿದ್ದಾರೆ. ಎಲ್ಲರಿಗೂ ನನ್ನ ಉತ್ತರ ಒಂದೇ. ವೇಗದ ಚಿಂತೆಯನ್ನು ಸದ್ಯ ಬದಿಗಿಡಿ. ದೂರದ ಸವಾರಿಗೆ ಬೇಕಾದ ದಮ್ಮು ಬರುವುದು ನಿಧಾನವಾಗಿ, ಬಹಳ ಹೊತ್ತು, ವಾರ ತಪ್ಪಿಸದೆ ತುಳಿಯುವುದರಿಂದ. ಈ ಮಾತು ಹಲವರಿಗೆ ರುಚಿಸುವುದಿಲ್ಲ. ಅದಕ್ಕೇ ಇವತ್ತು ಕಾರಣ ಸಮೇತ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಬ್ರೆವೆ ಎಂದರೇನು ಎಂಬುದು ಸ್ಪಷ್ಟವಾಗಲಿ. ಹಿಡಿದ ದೂರವನ್ನು ಗೊತ್ತುಪಡಿಸಿದ ಅವಧಿಯೊಳಗೆ, ಹೊರಗಿನ ಯಾರ ನೆರವೂ ಇಲ್ಲದೆ ಮುಗಿಸುವ ಹವ್ಯಾಸಿಗಳ ಸವಾರಿ ಇದು. ಮೊದಲನೆಯವರು, ಎರಡನೆಯವರು ಎಂಬ ಸ್ಥಾನ ಇಲ್ಲಿಲ್ಲ. ಅವಧಿಯೊಳಗೆ ಮುಗಿಸಿದವರೆಲ್ಲ ಸಮಾನರು. ಫ್ರಾನ್ಸಿನ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್ ಎಂಬ ಸಂಸ್ಥೆ 1921ರಲ್ಲಿ ಈ ಪದ್ಧತಿ ಆರಂಭಿಸಿತು. ಈಗ ಜಗತ್ತಿನ ಹತ್ತಾರು ದೇಶಗಳಲ್ಲಿ, ಬೆಂಗಳೂರೂ ಸೇರಿದಂತೆ ನಮ್ಮ ಹಲವು ಊರುಗಳಲ್ಲಿ, ಅದೇ ನಿಯಮದಡಿ ಬ್ರೆವೆ ನಡೆಯುತ್ತದೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಈ ನಾಲ್ಕನ್ನೂ ಮುಗಿಸಿದವರ ಕನಸು ಸಾಮಾನ್ಯವಾಗಿ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್. ಸುಮಾರು 1,200 ಕಿ.ಮೀ., ತೊಂಬತ್ತು ಗಂಟೆ. 1891ರಲ್ಲಿ ಅದು ರೇಸ್ ಆಗಿಯೇ ಹುಟ್ಟಿತು. ಶಾರ್ಲ್ ಟೆರೊಂಟ್ ಎಂಬ ಸವಾರ ನಿದ್ದೆಯಿಲ್ಲದೆ 71 ಗಂಟೆ 22 ನಿಮಿಷದಲ್ಲಿ ಮುಗಿಸಿ ಗೆದ್ದಿದ್ದ. ಇವತ್ತು ಅದೇ ಹಾದಿಯಲ್ಲಿ ನಿವೃತ್ತರೂ ಸಾಗುತ್ತಾರೆ.

ಇನ್ನು ಲೆಕ್ಕಕ್ಕೆ ಬರೋಣ. ಇನ್ನೂರು ಕಿಲೋಮೀಟರಿಗೆ ಹದಿಮೂರೂವರೆ ಗಂಟೆ ಎಂದರೆ ಗಂಟೆಗೆ ಹದಿನೈದು ಕಿಲೋಮೀಟರಿಗೂ ಕಡಿಮೆ. ನೀವು ಸೈಕಲ್ ಮೇಲಿರುವಾಗ ಗಂಟೆಗೆ 20 ಕಿ.ಮೀ. ಸಾಗಿದರೆ ತುಳಿತಕ್ಕೆ ಹತ್ತು ಗಂಟೆ ಸಾಕು. ತಿಂಡಿ, ಊಟ, ಪಂಕ್ಚರ್, ನೀರು, ದಾರಿಯ ತಪಾಸಣೆಯ ಜಾಗಗಳಲ್ಲಿ ಬ್ರೆವೆ ಕಾರ್ಡಿಗೆ ಮುದ್ರೆ ಎಲ್ಲಕ್ಕೂ ಸೇರಿ ಮೂರೂವರೆ ಗಂಟೆ ಉಳಿಯುತ್ತದೆ. ಬಯಲು ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ಎಂದರೆ ಒಂದಿಷ್ಟು ಅಭ್ಯಾಸವಿರುವ ಯಾರಿಗಾದರೂ ದಕ್ಕುವ ವೇಗ. ಆದ್ದರಿಂದ ಬ್ರೆವೆಯಲ್ಲಿ ಸೋಲುವವರು ವೇಗ ಸಾಲದೆ ಸೋಲುವುದು ಅಪರೂಪ. ಮೊದಲ ಅರವತ್ತು ಕಿಲೋಮೀಟರನ್ನು ಉತ್ಸಾಹದಲ್ಲಿ ಓಡಿಸಿ, ಹೊಟ್ಟೆಗೆ ಏನೂ ಹಾಕದೆ, ಮಧ್ಯಾಹ್ನದ ಬಿಸಿಲಿಗೆ ನೂರಿಪ್ಪತ್ತನೇ ಕಿಲೋಮೀಟರಿನ ಹೊತ್ತಿಗೆ ಕಾಲು ಬರಿದಾಗಿ, ಕೈ ಜೋಮು ಹಿಡಿದು, ಸೀಟಿನ ಮೇಲೆ ಕೂರಲಾಗದೆ ಸೋಲುತ್ತಾರೆ. ಸವಾರಿ ನಮ್ಮನ್ನು ಪರೀಕ್ಷಿಸುವುದು ಹತ್ತು ಗಂಟೆಯ ಬಾಳಿಕೆಯಲ್ಲಿ. ತಯಾರಿಯೂ ಅದಕ್ಕೇ ಆಗಬೇಕಲ್ಲವೇ?

ಆದರೆ ಭಾನುವಾರ ಬೆಳಿಗ್ಗೆ ನಂದಿಬೆಟ್ಟದ ಬುಡದಲ್ಲಿ ನಿಂತು ನೋಡಿದರೆ ಬೇರೆಯದೇ ಚಿತ್ರ. ಬೆಂಗಳೂರಿನಿಂದ ಸುಮಾರು ಅರವತ್ತು ಕಿಲೋಮೀಟರ್ ದೂರದ ಈ ಬೆಟ್ಟ 1,478 ಮೀಟರ್ ಎತ್ತರದಲ್ಲಿದೆ. ಅದರ ನಲವತ್ತು ತಿರುವುಗಳು ನಮ್ಮ ಸೈಕಲ್ ಸವಾರರಿಗೆ ಬಾಯಿಪಾಠ. ಸೀಟಿನಿಂದೆದ್ದು, ಹ್ಯಾಂಡಲ್ ಮೇಲೆ ಬಾಗಿ, ಏದುಸಿರು ಬಿಡುತ್ತ ಒಬ್ಬರ ಹಿಂದೊಬ್ಬರು ಏರುತ್ತಾರೆ. ಮೇಲೆ ತಲುಪಿದ ಕೂಡಲೇ ಕೈ ಮೊಬೈಲಿಗೆ ಹೋಗುತ್ತದೆ. ಹೋದ ವಾರಕ್ಕಿಂತ ಎಷ್ಟು ಸೆಕೆಂಡ್ ಕಡಿಮೆ ಎಂದು ನೋಡಲು. ಇದರಲ್ಲಿ ಸಂತೋಷವಿದೆ, ನನಗೂ ಅದು ಇಷ್ಟ. ತೊಂದರೆ ಎಲ್ಲೆಂದರೆ, ಮಂಗಳವಾರ, ಗುರುವಾರದ ಸವಾರಿಗಳೂ ಇದೇ ಹುರುಪಿನಲ್ಲಿ ಸಾಗುತ್ತವೆ. ಗೆಳೆಯ ಮುಂದೆ ಹೋದನೆಂದು ಇವರು, ಇವರು ಹಿಂದಿಕ್ಕಿದರೆಂದು ಅವನು. ಹೀಗೆ ಪ್ರತಿದಿನವೂ ಅರ್ಧ ಕಷ್ಟದ ಸವಾರಿಯಾಗುತ್ತದೆ. ನಿಧಾನದ ಲಾಭ ಸಿಗುವಷ್ಟು ಹಗುರವಲ್ಲ, ಶಕ್ತಿ ಬೆಳೆಯುವಷ್ಟು ಕಠಿಣವೂ ಅಲ್ಲ. ಎರಡು ತಿಂಗಳಲ್ಲಿ ಮೊಣಕಾಲು ನೋವು, ನಿದ್ದೆಗೇಡು, ಬೇಸರ. ಸೈಕಲ್ ಬಾಲ್ಕನಿಗೆ ಸೇರುತ್ತದೆ.

ನಿಧಾನಕ್ಕೆ ಇಷ್ಟೇಕೆ ಮಹತ್ವ ಎಂಬುದಕ್ಕೆ ಉತ್ತರ ನಮ್ಮ ಸ್ನಾಯುಗಳಲ್ಲಿದೆ. ದೇಹದಲ್ಲಿ ಎರಡು ಬಗೆಯ ಇಂಧನ ಇದೆ. ಒಂದು ಸಕ್ಕರೆ, ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜೆನ್ ರೂಪದಲ್ಲಿ ಕೂಡಿಟ್ಟದ್ದು. ಇನ್ನೊಂದು ಕೊಬ್ಬು. ಗ್ಲೈಕೋಜೆನ್ ಒಟ್ಟು ಸುಮಾರು ನಾಲ್ಕುನೂರರಿಂದ ಐನೂರು ಗ್ರಾಂ. ಅಂದರೆ ಎರಡು ಸಾವಿರ ಕ್ಯಾಲೊರಿಯ ಆಸುಪಾಸು. ಕೊಬ್ಬು ಎಷ್ಟು ತೆಳ್ಳಗಿನ ಮನುಷ್ಯನಲ್ಲೂ ಹಲವು ಕಿಲೋ ಇರುತ್ತದೆ, ದಿನಗಟ್ಟಲೆ ಸವಾರಿಗೆ ಸಾಲುವಷ್ಟು. ನಮ್ಮ ಹಳ್ಳಿಯ ಒಲೆಯನ್ನು ನೆನೆಸಿಕೊಳ್ಳಿ. ಸಕ್ಕರೆ ತೆಂಗಿನ ಗರಿಯಂತೆ ಧಗ್ಗನೆ ಉರಿದು ಬೇಗ ಮುಗಿಯುತ್ತದೆ. ಕೊಬ್ಬು ಹುಣಸೆ ಕೊರಡಿನಂತೆ, ಹೊತ್ತಿಕೊಳ್ಳಲು ತಡ, ಹೊತ್ತಿಕೊಂಡರೆ ಇಡೀ ದಿನ ಕೆಂಡ. ಜೋರಾಗಿ ತುಳಿದಷ್ಟೂ ದೇಹ ಗರಿಯನ್ನೇ ಎಳೆದು ಉರಿಸುತ್ತದೆ. ಎರಡು ಮೂರು ಗಂಟೆಯಲ್ಲಿ ಅದು ಖಾಲಿ. ಆಗ ಕಣ್ಣು ಕತ್ತಲೆ ಬಂದಂತಾಗಿ, ಕೈಕಾಲು ನಡುಗಿ, ರಸ್ತೆ ಬದಿಯಲ್ಲಿ ಕೂತುಬಿಡಬೇಕು ಅನ್ನಿಸುತ್ತದೆ. ನಿಧಾನವಾಗಿ ತುಳಿದಾಗ ಕೊಬ್ಬಿನ ಪಾಲು ಹೆಚ್ಚುತ್ತದೆ, ಗ್ಲೈಕೋಜೆನ್ ಉಳಿಯುತ್ತದೆ.

ಆ ಪಾಲನ್ನು ಅಭ್ಯಾಸದಿಂದ ಹೆಚ್ಚಿಸಿಕೊಳ್ಳಬಹುದು. ಕೊಬ್ಬನ್ನು ಆಮ್ಲಜನಕದೊಂದಿಗೆ ಉರಿಸುವ ಕೆಲಸ ಸ್ನಾಯುಕೋಶದೊಳಗಿನ ಮೈಟೊಕಾಂಡ್ರಿಯಾಗಳದ್ದು. ಜಾನ್ ಹೊಲೋಜಿ ಎಂಬ ವಿಜ್ಞಾನಿ 1967ರಲ್ಲಿ ಇಲಿಗಳನ್ನು ದೀರ್ಘಕಾಲ ಓಡಿಸಿ, ಅವುಗಳ ಸ್ನಾಯುಗಳಲ್ಲಿ ಈ ಕೆಲಸ ಮಾಡುವ ಕಿಣ್ವಗಳು ಹೆಚ್ಚುಕಡಿಮೆ ದುಪ್ಪಟ್ಟಾಗುವುದನ್ನು ತೋರಿಸಿದರು. ಮನುಷ್ಯರಲ್ಲೂ ಹಾಗೆಯೇ ಎಂಬುದು ಮುಂದೆ ಖಚಿತವಾಯಿತು. ಗಂಟೆಗಟ್ಟಲೆಯ ಹಗುರ ಸವಾರಿ ಸ್ನಾಯುವಿನೊಳಗೆ ಹೊಸ ಮೈಟೊಕಾಂಡ್ರಿಯಾ ಕಟ್ಟುತ್ತದೆ, ಅವುಗಳಿಗೆ ರಕ್ತ ಒಯ್ಯುವ ಸೂಕ್ಷ್ಮ ನಾಳಗಳನ್ನು ಹೆಚ್ಚಿಸುತ್ತದೆ, ಹೃದಯ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುವಂತೆ ಮಾಡುತ್ತದೆ. ಈ ಬದಲಾವಣೆಗಳಿಗೆಲ್ಲ ವಾರಗಳು, ತಿಂಗಳುಗಳು ಬೇಕು. ಒಂದು ಭಾನುವಾರ ಪ್ರಾಣ ಹೋಗುವಂತೆ ತುಳಿದರೆ ಬರುವಂಥದ್ದಲ್ಲ.

ಹಾಗಾದರೆ ನಿಧಾನ ಎಂದರೆ ಎಷ್ಟು ನಿಧಾನ? ಯಂತ್ರ ಬೇಡದ ಅಳತೆ ಒಂದಿದೆ. ಪಕ್ಕದವರ ಜೊತೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಆಗಬೇಕು. ಮನೆಯ ವಿಷಯ, ಮಳೆಯ ವಿಷಯ, ನಿನ್ನೆಯ ಪಂದ್ಯದ ವಿಷಯ ಎಳೆಎಳೆಯಾಗಿ ಹೇಳುತ್ತಾ ಹೋಗಬಹುದಾದರೆ ನೀವು ಸರಿಯಾದ ವೇಗದಲ್ಲಿದ್ದೀರಿ. ‘ಹ್ಞೂಂ, ಹೌದು, ಆಮೇಲೆ’ ಎಂದು ಒಂದೊಂದೇ ಪದ ಬರತೊಡಗಿದರೆ ಗೇರ್ ಇಳಿಸಿ. ಒಬ್ಬರೇ ಹೋಗುವವರು ಮೂಗಿನಿಂದಲೇ ಉಸಿರಾಡಲು ಆಗುತ್ತಿದೆಯೇ ಎಂದು ಗಮನಿಸಿದರೂ ಸರಿ. ಎದೆಬಡಿತ ಅಳೆಯುವ ಪಟ್ಟಿ ಇದ್ದವರು ತಮ್ಮ ಗರಿಷ್ಠ ಬಡಿತದ ಶೇ 60ರಿಂದ 70ರ ನಡುವೆ ಇರಲಿ. 220ರಿಂದ ವಯಸ್ಸು ಕಳೆದರೆ ಗರಿಷ್ಠ ಬಡಿತದ ಒಂದು ಅಂದಾಜು ಸಿಗುತ್ತದೆ. ನಲವತ್ತರವರಿಗೆ 180, ಅದರ ಶೇ 70 ಎಂದರೆ 126. ಆದರೆ ಈ ಸೂತ್ರ ಒಬ್ಬರಿಂದೊಬ್ಬರಿಗೆ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು. ಹಾಗಾಗಿ ನಾನು ನಂಬುವುದು ಮಾತಿನ ಅಳತೆಯನ್ನೇ.

ನಾರ್ವೆಯಲ್ಲಿ ನೆಲೆಸಿರುವ ಅಮೆರಿಕದ ಕ್ರೀಡಾ ವಿಜ್ಞಾನಿ ಸ್ಟೀಫನ್ ಸೈಲರ್ ಈ ವಿಷಯದಲ್ಲಿ ಮಹತ್ವದ ಕೆಲಸ ಮಾಡಿದ್ದಾರೆ. ದೋಣಿಗೆ ಹುಟ್ಟು ಹಾಕುವವರು, ಹಿಮದ ಮೇಲೆ ಸ್ಕೀ ಮಾಡುವವರು, ಸೈಕಲ್ ಸವಾರರು, ಓಟಗಾರರು, ಹೀಗೆ ದೂರದ ಆಟಗಳ ಉನ್ನತ ಕ್ರೀಡಾಪಟುಗಳ ಅಭ್ಯಾಸವನ್ನು ಅವರು ಪರಿಶೀಲಿಸಿದರು. ಎಲ್ಲೆಡೆ ಕಂಡ ಪ್ರಮಾಣ ಬಹುತೇಕ ಒಂದೇ: ಹತ್ತರಲ್ಲಿ ಎಂಟು ಅಭ್ಯಾಸ ಹಗುರ, ಎರಡು ನಿಜಕ್ಕೂ ಕಠಿಣ. ಜಗತ್ತಿನ ಅತಿ ವೇಗಿಗಳೇ ಹೆಚ್ಚಿನ ಹೊತ್ತು ನಿಧಾನವಾಗಿ ಸಾಗುತ್ತಾರೆ ಎಂದ ಮೇಲೆ, ಎಂಟು ಗಂಟೆ ಕಚೇರಿಯಲ್ಲಿ ದುಡಿದು ಬಂದ ನಮಗೆ ನಿತ್ಯ ಅವಸರವೇಕೆ? ಆ ಎರಡು ಕಠಿಣ ಅಭ್ಯಾಸಗಳನ್ನು ಬಿಡಬೇಕಿಲ್ಲ. ಹವ್ಯಾಸಿ ಸೈಕಲ್ ಸವಾರರ ಮೇಲೆಯೇ ಸೈಲರ್ ತಂಡ ನಡೆಸಿದ ಅಧ್ಯಯನವೊಂದರಲ್ಲಿ ಎಂಟು ನಿಮಿಷದ ನಾಲ್ಕು ಸುತ್ತು, ನಡುವೆ ಚಿಕ್ಕ ವಿರಾಮ ಎಂಬ ಕ್ರಮ ಬಹಳ ಚೆನ್ನಾಗಿ ಫಲ ಕೊಟ್ಟಿತು. ಹತ್ತಿರದಲ್ಲಿ ಒಂದು ಉದ್ದನೆಯ ಏರು ಇದ್ದರೆ ವಾರಕ್ಕೊಮ್ಮೆ ಇದನ್ನು ಮಾಡಿ. ಎಂಟು ನಿಮಿಷ ಮಾತು ಬರದಷ್ಟು ಜೋರು, ನಂತರ ಎರಡು ಮೂರು ನಿಮಿಷ ಹಗುರ. ಉಳಿದ ದಿನ ನಿಧಾನವೆಂದರೆ ನಿಧಾನವೇ.

ಇದನ್ನು ಕ್ಯಾಲೆಂಡರಿಗೆ ಇಳಿಸುವುದು ಕಷ್ಟವಲ್ಲ. ಈಗಾಗಲೇ ಒಂದೂವರೆ ಗಂಟೆ ಸೈಕಲ್ ತುಳಿಯಬಲ್ಲ ವ್ಯಕ್ತಿಗೆ ಹದಿಮೂರು ಹದಿನಾಲ್ಕು ವಾರ ಸಾಕು. ವಾರಕ್ಕೆ ನಾಲ್ಕು ದಿನ ಸವಾರಿ: ಎರಡು ದಿನ ಒಂದೊಂದು ಗಂಟೆ ಹಗುರ, ಒಂದು ದಿನ ಏರಿನ ಅಭ್ಯಾಸ, ಭಾನುವಾರ ಉದ್ದನೆಯ ಸವಾರಿ. ಭಾನುವಾರದ್ದನ್ನು 40 ಕಿ.ಮೀ.ಯಿಂದ ಶುರುಮಾಡಿ 50, 60ಕ್ಕೆ ಏರಿಸಿ, ನಾಲ್ಕನೇ ವಾರ ಮತ್ತೆ 40ಕ್ಕೆ ಇಳಿಸಿ. ಮುಂದಿನ ಸುತ್ತಿನಲ್ಲಿ 70, 80, 90, ಆಮೇಲೆ 60. ಅದರ ಮುಂದಿನ ಸುತ್ತು 105, 120, 140. ಮೂರು ವಾರ ಏರಿಕೆ, ಒಂದು ವಾರ ಇಳಿಕೆ. ಈ ಇಳಿಕೆಯ ವಾರವನ್ನು ಬಹಳ ಮಂದಿ ಸೋಮಾರಿತನವೆಂದು ಬಿಟ್ಟುಬಿಡುತ್ತಾರೆ. ದೇಹ ಗಟ್ಟಿಯಾಗುವುದು ಆ ವಾರದಲ್ಲೇ. ತುಳಿಯುವಾಗ ಸ್ನಾಯು ದಣಿಯುತ್ತದೆ, ವಿಶ್ರಾಂತಿಯಲ್ಲಿ ಬೆಳೆಯುತ್ತದೆ. ಅಭ್ಯಾಸದಲ್ಲಿ ಇನ್ನೂರು ಮುಟ್ಟಲೇಬೇಕು ಎಂಬ ನಿಯಮವೂ ಇಲ್ಲ. ನೂರನಲವತ್ತನ್ನು ಮುಗಿಸಿ ಮರುದಿನ ಸಲೀಸಾಗಿ ಮೆಟ್ಟಿಲು ಹತ್ತಿ ಕಚೇರಿಗೆ ಹೋಗುವವರು ಬ್ರೆವೆ ದಿನ ಇನ್ನೂರನ್ನು ಮುಗಿಸುತ್ತಾರೆ. ಕೊನೆಯ ಎರಡು ವಾರ ದೂರವನ್ನು ಅರ್ಧದಷ್ಟು ಕಡಿಮೆ ಮಾಡಿ. ಚಿಕ್ಕ ಏರು ಮಾತ್ರ ಒಂದೆರಡು ಇರಲಿ, ಕಾಲು ಜಡವಾಗದಂತೆ. ನಲವತ್ತು ದಾಟಿದವರು, ಮನೆತನದಲ್ಲಿ ಹೃದಯದ ಕಾಯಿಲೆ ಇರುವವರು, ಬಿಪಿ, ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಇದನ್ನೆಲ್ಲ ಶುರುಮಾಡುವ ಮೊದಲು ವೈದ್ಯರನ್ನು ಕಾಣಲೇಬೇಕು.

ರಸ್ತೆಯಲ್ಲಿ ನಮ್ಮೆದುರು ನಿಲ್ಲುವವು ಗಾಳಿ ಮತ್ತು ಏರು. ಇವೆರಡರ ಲೆಕ್ಕ ತಿಳಿದರೆ ನಿಧಾನದ ಬೆಲೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತದೆ. ಗಂಟೆಗೆ 20ರಿಂದ 30 ಕಿಲೋಮೀಟರಿಗೆ ಹೋದರೆ ವೇಗ ಒಂದೂವರೆ ಪಟ್ಟು, ಗಾಳಿಗೆ ತೆರಬೇಕಾದ ಶಕ್ತಿ ಮೂರು ಪಟ್ಟಿಗೂ ಹೆಚ್ಚು. ಎದುರುಗಾಳಿಯಲ್ಲಿ ಹಟಕ್ಕೆ ಬಿದ್ದು ವೇಗ ಉಳಿಸಿಕೊಳ್ಳುವವರು ಇದೇ ಲೆಕ್ಕದಲ್ಲಿ ದಿವಾಳಿಯಾಗುತ್ತಾರೆ. ಒಬ್ಬರ ಚಕ್ರದ ಹಿಂದೆ ಮತ್ತೊಬ್ಬರು ಹತ್ತಿರವಾಗಿ ಸಾಗಿದರೆ ಹಿಂದಿನವರ ಶ್ರಮ ಸುಮಾರು ಕಾಲು ಭಾಗ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಉಳಿಯುತ್ತದೆ. ನಾಲ್ಕು ಜನ ಸರದಿಯಂತೆ ಮುಂದೆ ಬಂದು ಗಾಳಿ ಹೊತ್ತರೆ ಚಿತ್ರದುರ್ಗದ ಕಡೆಯ ಬಯಲು ಗಾಳಿಯನ್ನೂ ದಾಟಬಹುದು. ಆದರೆ ಹಿಂದೆ ಅಂಟಿಕೊಂಡು ಸಾಗುವುದು ಅಭ್ಯಾಸ ಬೇಡುವ ಕಲೆ. ಮುಂದಿನವರು ಗುಂಡಿಗೆ ಕೈ ತೋರಿಸಬೇಕು, ಹಿಂದಿನವರು ಬ್ರೇಕನ್ನು ಗಕ್ಕನೆ ಹಿಡಿಯಬಾರದು. ಪರಿಚಯವಿಲ್ಲದವರ ಚಕ್ರಕ್ಕೆ ಅಂಟಬೇಡಿ.

ಏರಿನಲ್ಲಿ ಗಾಳಿಯ ಮಾತು ಹಿಂದೆ ಬೀಳುತ್ತದೆ, ತೂಕದ ಮಾತು ಮುಂದೆ ಬರುತ್ತದೆ. 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್ ಎಂಬ ಸೈಕಲ್ ಸವಾರಿಗೆ ತಯಾರಾಗುವವರೆಲ್ಲ ಹೆದರಿಕೆಯಿಂದ ಕೇಳುವುದು ಮಸಿನಗುಡಿಯಿಂದ ಊಟಿಗೆ ಏರುವ ಕಲ್ಲಟ್ಟಿ ಘಾಟಿಯ ಬಗ್ಗೆ. ಮೂವತ್ತಾರು ಹೇರ್‌ಪಿನ್ ತಿರುವುಗಳ ಆ ರಸ್ತೆಯಲ್ಲಿ ಕಾಲಿನ ಬಲಕ್ಕಿಂತ ಗೇರಿನ ಆಯ್ಕೆ ದೊಡ್ಡದು. ಸವಾರ, ಸೈಕಲ್, ನೀರು ಎಲ್ಲ ಸೇರಿ 85 ಕಿಲೋ ಎಂದುಕೊಳ್ಳಿ. ನೂರು ಮೀಟರಿಗೆ ಒಂಬತ್ತು ಮೀಟರ್ ಎತ್ತರವಾಗುವ ಏರನ್ನು ಗಂಟೆಗೆ 10 ಕಿ.ಮೀ. ವೇಗದಲ್ಲಿ ಹತ್ತಲು ಬರೀ ಭಾರ ಎತ್ತುವುದಕ್ಕೇ ಸುಮಾರು 210 ವ್ಯಾಟ್ ಬೇಕು. ಏಳೂವರೆ ಕಿ.ಮೀ. ವೇಗಕ್ಕಾದರೆ ಸುಮಾರು 155 ಸಾಕು. ಮೊದಲನೆಯದು ಹೆಚ್ಚಿನ ಹವ್ಯಾಸಿಗಳನ್ನು ಅರ್ಧ ಗಂಟೆಯಲ್ಲಿ ಬಸವಳಿಸುತ್ತದೆ, ಎರಡನೆಯದನ್ನು ಪಳಗಿದ ಸವಾರರು ಒಂದೂವರೆ ಗಂಟೆ ಕಾಯ್ದುಕೊಳ್ಳುತ್ತಾರೆ. ಮುಂದೆ 34 ಹಲ್ಲು, ಹಿಂದೆಯೂ 34 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು ಎರಡು ಮೀಟರ್ ಚಿಲ್ಲರೆ ಸರಿಯುತ್ತದೆ. ನಿಮಿಷಕ್ಕೆ ಅರವತ್ತು ಸುತ್ತು ತುಳಿದರೆ ಅದೇ ಏಳೂವರೆ ಕಿಲೋಮೀಟರ್ ವೇಗ. ಹಿಂದೆ ದೊಡ್ಡ ಹಲ್ಲುಚಕ್ರ ಹಾಕಿಸುವುದು ಅವಮಾನ ಎಂಬ ಭಾವನೆ ನಮ್ಮ ಯುವಕರಲ್ಲಿದೆ. ಹಗುರ ಚೌಕಟ್ಟಿಗೆ ಲಕ್ಷ ಸುರಿಯುವ ಮೊದಲು ಒಳ್ಳೆಯ ಗೇರಿನ ಸೆಟ್ಟಿಗೆ ಕೆಲವು ಸಾವಿರ ಕೊಡಿ ಎನ್ನುತ್ತೇನೆ. ನಿಮ್ಮ ಮೊಣಕಾಲು ಅದರ ಋಣ ತೀರಿಸುತ್ತದೆ.

ಇನ್ನು ಹೊಟ್ಟೆಯ ವಿಷಯ. ಬ್ರೆವೆಯ ಹತ್ತು ಗಂಟೆಯಲ್ಲಿ ಹಗುರವಾಗಿ ತುಳಿದರೂ ನಾಲ್ಕೈದು ಸಾವಿರ ಕ್ಯಾಲೊರಿ ಖರ್ಚಾಗುತ್ತದೆ. ಕೂಡಿಟ್ಟ ಗ್ಲೈಕೋಜೆನ್ ಅದರ ಅರ್ಧವೂ ಇಲ್ಲ. ಉಳಿದದ್ದಕ್ಕೆ ಕೊಬ್ಬು ಮತ್ತು ನೀವು ದಾರಿಯಲ್ಲಿ ತಿನ್ನುವುದು. ಗಂಟೆಗೆ 40ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಒಳಗೆ ಹೋಗಬೇಕು. ಹಸಿವಾದ ಮೇಲೆ ತಿನ್ನುತ್ತೇನೆ ಎಂದರೆ ಆಗಲೇ ತಡವಾಗಿರುತ್ತದೆ. ನನ್ನ ಜೊತೆ ಸವಾರಿಗೆ ಬರುವ ತುಮಕೂರಿನ ಕಡೆಯ ಮೇಷ್ಟ್ರೊಬ್ಬರ ಕ್ರಮ ನೋಡಲು ಚೆಂದ. ಜೆರ್ಸಿಯ ಬೆನ್ನಿನ ಮೂರು ಜೇಬಿನಲ್ಲಿ ಎಡಕ್ಕೆ ಏಲಕ್ಕಿ ಬಾಳೆ, ನಡುವೆ ಬಿಡಿಸಿಟ್ಟ ಶೇಂಗಾ ಚಿಕ್ಕಿ ಮತ್ತು ಬೀಜ ತೆಗೆದ ಖರ್ಜೂರ, ಬಲಕ್ಕೆ ಬೆಲ್ಲದ ಅಚ್ಚು. ಕೈಗಡಿಯಾರ ಇಪ್ಪತ್ತು ನಿಮಿಷಕ್ಕೊಮ್ಮೆ ಕೂಗುತ್ತದೆ. ಕೂಗಿದಾಗಲೆಲ್ಲ ಒಂದು ಜೇಬಿಗೆ ಕೈ ಹಾಕುತ್ತಾರೆ, ಎರಡು ತುತ್ತು, ಒಂದು ಗುಟುಕು ನೀರು. ಹಸಿವು, ಸುಸ್ತು ಏನೂ ಇಲ್ಲದಿದ್ದರೂ. ನೂರೈವತ್ತನೇ ಕಿಲೋಮೀಟರಿನಲ್ಲೂ ಅವರ ಮಾತು ನಿಂತಿರುವುದಿಲ್ಲ. ಹೋಟೆಲ್ ಸಿಕ್ಕರೆ ಇಡ್ಲಿ, ಮೊಸರನ್ನ ಒಳ್ಳೆಯದು. ಎಣ್ಣೆಯಲ್ಲಿ ಮುಳುಗಿದ ಪೂರಿ, ಬೆಣ್ಣೆ ದೋಸೆಯನ್ನು ಸವಾರಿ ಮುಗಿದ ಮೇಲಿಗೆ ಇಟ್ಟುಕೊಳ್ಳಿ, ಜಿಡ್ಡು ಹೊಟ್ಟೆಯಲ್ಲೇ ಕೂತು ಏರಿನಲ್ಲಿ ತೊಂದರೆ ಕೊಡುತ್ತದೆ.

ನೀರಿನ ಜೊತೆ ಉಪ್ಪನ್ನು ಮರೆಯಬೇಡಿ. ಬೆವರಿನಲ್ಲಿ ನೀರಷ್ಟೇ ಅಲ್ಲ, ಸೋಡಿಯಂ ಕೂಡ ಹೋಗುತ್ತದೆ. ಗಂಟೆಗಟ್ಟಲೆ ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆಸುತ್ತು, ವಾಂತಿ, ಇನ್ನೂ ಹೆಚ್ಚಿನ ಅಪಾಯವೂ ಆಗಬಹುದು. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಉಪ್ಪು ಹಾಕಿದ ಮಜ್ಜಿಗೆ, ಉಪ್ಪು ಸಕ್ಕರೆಯ ನಿಂಬೆ ಪಾನಕ, ಇಲ್ಲವೇ ಯಾವುದೇ ಮೆಡಿಕಲ್ ಶಾಪಿನಲ್ಲಿ ಸಿಗುವ ಓಆರ್‌ಎಸ್ ಪುಡಿ ಜೊತೆಗಿರಲಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಾದ ಓಆರ್‌ಎಸ್‌ನಲ್ಲಿ ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಬೇಸಿಗೆಯ ಬಳ್ಳಾರಿ, ರಾಯಚೂರಿನ ರಸ್ತೆಗಳಲ್ಲಿ ಬಣ್ಣಬಣ್ಣದ ದುಬಾರಿ ಪುಡಿಗಳಿಗಿಂತ ಇದರ ಮೇಲೆ ನನಗೆ ಹೆಚ್ಚು ನಂಬಿಕೆ. ಏನೇ ತಿನ್ನಿ, ಏನೇ ಕುಡಿಯಿರಿ, ಭಾನುವಾರದ ಉದ್ದನೆಯ ಸವಾರಿಗಳಲ್ಲಿ ಮೊದಲು ತಿಂದು ಕುಡಿದು ನೋಡಿ. ಬ್ರೆವೆ ದಿನ ಹೊಸ ಪ್ರಯೋಗ ಬೇಡವೇ ಬೇಡ.

ಹತ್ತು ಗಂಟೆ ಕೂರಬೇಕಾದ ಸೈಕಲ್ ಮೈಗೆ ಹೊಂದದಿದ್ದರೆ ದಮ್ಮು ಎಷ್ಟಿದ್ದರೂ ವ್ಯರ್ಥ. ಸೀಟಿನ ಎತ್ತರಕ್ಕೆ ಸರಳ ಪರೀಕ್ಷೆ ಇದೆ. ಗೋಡೆಗೆ ಒರಗಿ ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲಿನ ಮೇಲಿಡಿ. ಪೆಡಲ್ ತೀರಾ ಕೆಳಗಿದ್ದಾಗ ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮೊಣಕಾಲು ಬೇಕಾದಷ್ಟು ಬಾಗುತ್ತದೆ. ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಸೀಟು ಹೆಚ್ಚಾಗಿ ತಗ್ಗಿರುತ್ತದೆ, ಹಿಂಭಾಗ ನೋಯುತ್ತಿದ್ದರೆ ಎತ್ತರ ಹೆಚ್ಚಾಗಿರುತ್ತದೆ. ಕಿರುಬೆರಳು ಜೋಮು ಹಿಡಿಯುವುದು ಅಂಗೈ ಮೇಲೆ ಭಾರ ಬಿದ್ದು ನರ ಒತ್ತಿದಾಗ. ಹ್ಯಾಂಡಲಿನಲ್ಲಿ ಕೈಯ ಜಾಗ ಆಗಾಗ ಬದಲಿಸುತ್ತಿರಿ. ಮೆತ್ತೆ ಇರುವ ಸೈಕಲ್ ಚಡ್ಡಿಯ ಒಳಗೆ ಮತ್ತೊಂದು ಒಳಉಡುಪು ಹಾಕಬೇಡಿ, ಅದರ ಹೊಲಿಗೆಯೇ ತೊಡೆಸಂದನ್ನು ಉಜ್ಜಿ ಹುಣ್ಣು ಮಾಡುತ್ತದೆ. ಪಂಕ್ಚರ್ ಹಾಕುವುದನ್ನು ಮನೆಯಲ್ಲೇ ಕಲಿತಿರಿ. ಇದರಲ್ಲಿ ಪುಟ್ಟ ವಿಷಯವೊಂದಿದೆ. ರೋಡ್ ಸೈಕಲಿನ ಟ್ಯೂಬಿಗೆ ಸಾಮಾನ್ಯವಾಗಿ ತೆಳ್ಳನೆಯ ಪ್ರೆಸ್ಟಾ ವಾಲ್ವ್ ಇರುತ್ತದೆ, ಹಳ್ಳಿಯ ಪಂಕ್ಚರ್ ಅಂಗಡಿಯ ಪಂಪು ಅದಕ್ಕೆ ಕೂರುವುದಿಲ್ಲ. ಬೆರಳ ತುದಿಯಷ್ಟಿರುವ ಹಿತ್ತಾಳೆಯ ಅಡಾಪ್ಟರ್ ಒಂದನ್ನು ವಾಲ್ವಿಗೇ ತಿರುಗಿಸಿ ಇಟ್ಟುಕೊಂಡರೆ ಕೊರಟಗೆರೆಯ ಹತ್ತಿರ ಗಾಳಿ ಹೋದರೂ ಚಿಂತೆಯಿಲ್ಲ. ಹೆಲ್ಮೆಟ್, ಮುಂದೆ ಹಿಂದೆ ದೀಪ, ಬೆಳಕಿಗೆ ಹೊಳೆಯುವ ಅಂಗಿ ಇಲ್ಲದೆ ನಸುಕಿನಲ್ಲಿ ಹೆದ್ದಾರಿಗೆ ಇಳಿಯಲೇಬಾರದು. ಇದರಲ್ಲಿ ರಾಜಿ ಇಲ್ಲ.

ಇಷ್ಟೆಲ್ಲ ಓದಿ ‘ದುಬಾರಿ ಸೈಕಲ್ ಇಲ್ಲದವರಿಗೆ ಇದು ಸಾಧ್ಯವೇ’ ಎಂದು ಕೇಳುವವರಿಗೆ ಉತ್ತರ ಕರ್ನಾಟಕದತ್ತ ನೋಡಿ ಎನ್ನುತ್ತೇನೆ. ವಿಜಯಪುರ, ಬಾಗಲಕೋಟೆ, ಗದಗ ಸೀಮೆಯ ರೈತರ ಮಕ್ಕಳು ರಾಜ್ಯಕ್ಕೆ, ದೇಶಕ್ಕೆ ಎಷ್ಟೋ ಪದಕ ತಂದುಕೊಟ್ಟಿದ್ದಾರೆ. ಅಲ್ಲಿ ಜಾತ್ರೆಗಳಲ್ಲಿ ನಡೆಯುವ ಸೈಕಲ್ ಶರ್ಯತ್ತಿನಲ್ಲಿ ಗೇರಿಲ್ಲದ ಸಾದಾ ಸೈಕಲ್ಲೇ ಓಡುವುದು. ಆ ಹುಡುಗರಿಗೆ ದಮ್ಮು ಬಂದದ್ದು ದಿನಾ ಶಾಲೆಗೆ, ಹೊಲಕ್ಕೆ, ಸಂತೆಗೆ ಸೈಕಲ್ ಮೇಲೆ ಹೋಗಿಬಂದು. ಅದೂ ಹಗುರವಾದ, ನಿತ್ಯದ, ವರ್ಷಗಟ್ಟಲೆಯ ತುಳಿತವೇ. ನಗರದಲ್ಲಿರುವ ನಮಗೂ ಕಚೇರಿಗೆ ಸೈಕಲ್ ಮೇಲೆ ಹೋಗಿಬರುವ ಸುರಕ್ಷಿತ ದಾರಿ ಸಿಕ್ಕರೆ ವಾರದ ಅರ್ಧ ಅಭ್ಯಾಸ ಅಲ್ಲೇ ಮುಗಿಯುತ್ತದೆ. ರಸ್ತೆ ಅಗಲ ಮಾಡುವಾಗಲೆಲ್ಲ ಸೈಕಲ್ಲಿಗೆ ಒಂದಿಷ್ಟು ಅಗಲ ಬಿಡಿ ಎಂದು ನಾವು ಒತ್ತಾಯಿಸುತ್ತಲೇ ಇರಬೇಕು. ಹೆಣ್ಣುಮಕ್ಕಳು ನಸುಕಿನಲ್ಲಿ ಧೈರ್ಯವಾಗಿ ಒಬ್ಬರೇ ಅಭ್ಯಾಸಕ್ಕೆ ಹೊರಡುವ ರಸ್ತೆ ಇದ್ದರೆ ಬ್ರೆವೆಯ ಸಾಲಿನಲ್ಲಿ ಅವರ ಸಂಖ್ಯೆ ತಾನಾಗಿ ಹೆಚ್ಚುತ್ತದೆ.

ವಯಸ್ಸಾಯಿತು ಎಂದು ಹಿಂಜರಿಯುವವರಿಗೆ ಫ್ರಾನ್ಸಿನ ರಾಬೆರ್ ಮಾರ್ಶಾಂ ಅವರ ವಿಷಯ ಹೇಳಬೇಕು. 1911ರಲ್ಲಿ ಹುಟ್ಟಿದ ಅವರು ನೂರು ದಾಟಿದ ಮೇಲೆ ಒಂದು ಗಂಟೆಯಲ್ಲಿ ಎಷ್ಟು ದೂರ ಸಾಗಬಲ್ಲೆ ಎಂದು ಸೈಕಲ್ ಟ್ರ್ಯಾಕಿಗೆ ಇಳಿದರು. ನೂರನೇ ವಯಸ್ಸಿನಲ್ಲಿ 24 ಕಿಲೋಮೀಟರಿಗೂ ಹೆಚ್ಚು, ಎರಡು ವರ್ಷ ಬಿಟ್ಟು 26.9 ಕಿಲೋಮೀಟರ್. ವಯಸ್ಸು ಏರಿತು, ದೂರವೂ ಏರಿತು! ಆ ನಡುವೆ ಅವರಿಗೆ ಅಭ್ಯಾಸ ಹೇಳಿಕೊಟ್ಟದ್ದು ವೆರೊನಿಕ್ ಬಿಲ್ಲಾ ಎಂಬ ವಿಜ್ಞಾನಿ. ಪಟ್ಟು ಅದೇ: ಐದರಲ್ಲಿ ನಾಲ್ಕು ಪಾಲು ಹಗುರ, ಒಂದು ಪಾಲು ಕಠಿಣ. ವರ್ಷಕ್ಕೆ ಸುಮಾರು ಐದು ಸಾವಿರ ಕಿಲೋಮೀಟರ್. ಅವರ ದೇಹ ಆಮ್ಲಜನಕ ಬಳಸುವ ಸಾಮರ್ಥ್ಯ ನೂರು ದಾಟಿದ ಮೇಲೂ ಶೇ 13ರಷ್ಟು ಹೆಚ್ಚಿತು ಎಂದು ಬಿಲ್ಲಾ ತಂಡ ದಾಖಲಿಸಿದೆ.

ದೂರದ ಸೈಕಲ್ ಸವಾರಿಯನ್ನು ನಾನು ಇಷ್ಟು ಪ್ರೀತಿಸುವುದಕ್ಕೆ ಇದೇ ಕಾರಣ. ಹುಟ್ಟಿನಿಂದ ಬಂದ ಪ್ರತಿಭೆಯನ್ನು ಅದು ಹೆಚ್ಚು ಕೇಳುವುದಿಲ್ಲ, ಬೆಲೆಬಾಳುವ ಸಾಮಾನನ್ನೂ ಕೇಳುವುದಿಲ್ಲ. ಕೇಳುವುದು ಹೊತ್ತು ಮತ್ತು ತಾಳ್ಮೆ. ಕೊಟ್ಟವರಿಗೆಲ್ಲ, ಇಪ್ಪತ್ತರವರಿಗೂ ಎಪ್ಪತ್ತರವರಿಗೂ, ಫಲ ಕೊಡುತ್ತದೆ. ಆದ್ದರಿಂದ ಜನವರಿಯ ಬ್ರೆವೆಗೆ ಹೆಸರು ಕೊಟ್ಟವರು ಈ ಭಾನುವಾರವೇ ಶುರುಮಾಡಿ. ಎರಡು ಗಂಟೆ, ನಲವತ್ತು ಕಿಲೋಮೀಟರ್, ಜೇಬಿನಲ್ಲಿ ಬಾಳೆಹಣ್ಣು. ಜೊತೆಗೆ ಮಾತು ಬಲ್ಲ ಗೆಳೆಯರನ್ನು ಕರೆದುಕೊಳ್ಳಿ, ಯಾರಾದರೂ ಹಿಂದಿಕ್ಕಿದರೆ ಹೋಗಲು ಬಿಡಿ. ಅವರ ವೇಗ ಅವರದು, ನೀವು ತಯಾರಾಗುತ್ತಿರುವುದು ಇನ್ನೂರನೇ ಕಿಲೋಮೀಟರಿಗೆ.